ಮೂರನೆಯ ಬಂದೂಕು

ನನ್ನ ಗಂಡ ಇರುವೆಗೂ ದಾರಿ ಬಿಟ್ಟು ನಡೆಯುತ್ತಿದ್ದವರು. ಅಂಥವರಿಗೆ ಫ್ರಾನ್ಸಿನ ಸೈನ್ಯದ ಬಂದೂಕಿನ ಹುಚ್ಚು ಯಾಕೆ ಹಿಡಿಯಿತೋ ದೇವರೇ ಬಲ್ಲ. ಮಾರಿಸ್‌ಟೌನಿನ ಆಫೀಸಿನಲ್ಲಿ ದಿನವೆಲ್ಲ ವಾಲ್ವ್ ಡಿಸೈನ್ ಮಾಡಿ ಬಂದು, ಸಂಜೆ ಗರಾಜಿನಲ್ಲಿ ಆ ಬಂದೂಕನ್ನು ಮರದಲ್ಲಿ ಕೆತ್ತುತ್ತಿದ್ದರು. ನಿಜವಾದದ್ದನ್ನು ಒಮ್ಮೆಯೂ ಮುಟ್ಟಿದವರಲ್ಲ.

ನ್ಯೂಯಾರ್ಕಿನ ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ಆರಿಹೋದರೂ ಅದರದೇ ಕಥೆ. ಗುಂಡು ಹಾರಿದಾಗ ಹುಟ್ಟುವ ಗ್ಯಾಸ್ ಸಣ್ಣ ಕೊಳವೆಯಲ್ಲಿ ಹಿಂದಕ್ಕೆ ಬಂದು, ಮುಂದಿನ ಗುಂಡು ತಾನೇ ಬಂದು ಕೂರುವಂತೆ ಮಾಡುತ್ತದಂತೆ. ಯುದ್ಧಕ್ಕೆ ಮೊದಲೇ ಶುರುವಾದ ಕೆಲಸ; ಶತ್ರುಗಳು ದೇಶ ಹಿಡಿದಾಗ ನಿಂತುಹೋಯಿತು; ಬಿಡುಗಡೆಯಾದ ಮೇಲೆ ನಲವತ್ನಾಲ್ಕನೇ ಇಸವಿಯ ಮಾದರಿ, ಅದನ್ನು ತಿದ್ದಿ ನಲವತ್ತೊಂಬತ್ತರದ್ದು, ಮೋಟು ಮಾಡಿ ಹಗುರ ಮಾಡಿ ಐವತ್ತಾರರದ್ದು, ಹೀಗೆ ಮೂರು. "ಪಿಸ್ಟನ್ನೇ ಇಲ್ಲ ಕಣೇ, ಬರೀ ಒಂದು ಕೊಳವೆ! ಎಲ್ಲಿ ನಿಂತಿತ್ತೋ ಅಲ್ಲಿಂದ್ಲೇ ಮತ್ತೆ ಶುರು ಮಾಡಿದ್ರು ನೋಡು," ಎನ್ನುತ್ತಿದ್ದರು. ಅಷ್ಟರಲ್ಲಿ ನಾನು ಅವರ ಚಟ್ನಿಯನ್ನೂ ಮುಗಿಸಿರುತ್ತಿದ್ದೆ.

ಮಗಳು ಅವರ ಅಸಿಸ್ಟೆಂಟ್. ಕೊಳವೆ ಅಂಟಿಸುವಾಗ ಅದರ ಎರಡೂ ತುದಿಯನ್ನು ಅಲುಗದಂತೆ ಹಿಡಿಯುವುದು ಅವಳ ಕೆಲಸ. ನಾಲಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಮೊದಲಿನ ಎರಡು ಬಂದೂಕು ಹಾಗೆ ತಯಾರಾದವು. ಆಯುಧಪೂಜೆಯ ದಿನ ಕಾರು, ಉಳಿ, ಗರಗಸಗಳ ಜೊತೆ ಅವಕ್ಕೂ ಕುಂಕುಮ, ಸೇವಂತಿಗೆ.

ಅವಳು ಹೈಸ್ಕೂಲಿನಲ್ಲಿದ್ದಾಗ ಒಂದು ಆಯುಧಪೂಜೆಯ ದಿನವೇ ಸ್ಕೂಲು ಲಾಕ್‌ಡೌನ್ ಆಯಿತು. ಯಾರೋ ಬಂದೂಕು ತಂದಿದ್ದಾನೆಂದು ಸುದ್ದಿ. ಮಕ್ಕಳೆಲ್ಲ ದೀಪ ಆರಿಸಿ, ಡೆಸ್ಕಿನ ಕೆಳಗೆ ಮುದುಡಿ ಕೂತು, ಮನೆಗೆ ಮೆಸೇಜ್ ಮಾಡುತ್ತಿದ್ದರು. ಕೊನೆಗೆ ಸುದ್ದಿ ಸುಳ್ಳಾಯಿತು, ನಾವು ಓಡಿಹೋಗಿ ಕರೆತಂದೆವು. ಬೆಳಿಗ್ಗೆ ಪೂಜೆಗೆ ಜೋಡಿಸಿಟ್ಟಿದ್ದು ಇಬ್ಬರಿಗೂ ನೆನಪಾಗಲಿಲ್ಲ. ಗರಾಜಿನ ಬಾಗಿಲು ಮೇಲೇರಿದಾಗ ಕುಂಕುಮ ಹಚ್ಚಿದ ಎರಡು ಬಂದೂಕು ಎದುರಿಗೇ ಇದ್ದವು.

"ಅಪ್ಪಾ, ಯು ಪ್ರೇ ಟು ದಿಸ್?" ಎಂದಳು.

ಅವರು ಆ ಕ್ಷಣವೇ ಎರಡನ್ನೂ ಪೆಟ್ಟಿಗೆಗೆ ಹಾಕಿದರು. ಅವಳು ಮತ್ತೆ ಅವರ ಕೆಲಸದ ಮೇಜಿನ ಹತ್ತಿರ ಸುಳಿಯಲಿಲ್ಲ. ಅವಳದು ತಪ್ಪೆನ್ನಲು ಬಾಯಿ ಬರಲಿಲ್ಲ, ಅವರದು ತಪ್ಪೆನ್ನಲು ಮನಸ್ಸು ಬರಲಿಲ್ಲ. ಅವಳು ಕಾಲೇಜು ಮುಗಿಸಿ ನ್ಯೂಯಾರ್ಕಿಗೆ ಹೋದಳು. ಮೂರನೆಯದನ್ನು ಅವರೊಬ್ಬರೇ ಕೆತ್ತಿದರು, ಕೊಳವೆ ಅಂಟಿಸುವುದೊಂದು ಉಳಿಯಿತು. "ನಾನು ಹಿಡ್ಕೋತೀನಿ ಬನ್ನಿ," ಎಂದರೆ, "ಬೇಡ ಬಿಡು, ಅವಳು ಬರ್ಲಿ," ಎನ್ನುತ್ತಿದ್ದರು. ಅವಳನ್ನು ಕರೆದರೇ? ಅದೂ ಇಲ್ಲ. ಹಟದಲ್ಲಿ ಅಪ್ಪ-ಮಗಳು ಒಂದೇ ಅಚ್ಚು.

ಕಳೆದ ಚಳಿಗಾಲ ಡ್ರೈವ್‌ವೇಯ ಸ್ನೋ ತೆಗೆಯಲು ಹೋದವರು ಅಲ್ಲೇ ಕುಸಿದರು. ನನ್ನ ದುಃಖ ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ವರ್ಷ ತುಂಬದ ಮನೆಯಲ್ಲಿ ಹಬ್ಬವಿಲ್ಲ. ಆದರೂ ಈ ಆಯುಧಪೂಜೆಯ ದಿನ ಮಗಳು ಸೀಕಾಕಸ್‌ನಲ್ಲಿ ರೈಲು ಬದಲಿಸಿ ಬಂದಳು. ನೇರ ಗರಾಜಿಗೆ ಹೋದಳು.

"ಅಮ್ಮ, ಇದೊಂದು ಯಾಕೆ ಫಿನಿಶ್ ಆಗಿಲ್ಲ?"

ಹೇಳಿಬಿಟ್ಟೆ. ಮುಚ್ಚಿಡಬಹುದಿತ್ತೇನೋ, ತಡೆಯಲಾಗಲಿಲ್ಲ. ಮೇಜಿಗೆ ಹಣೆ ಹಚ್ಚಿ ಅತ್ತಳು. ಆಮೇಲೆ ಕೊಳವೆಯನ್ನು ಅದರ ಜಾಗದಲ್ಲಿಟ್ಟು, ಎರಡೂ ತುದಿ ಹಿಡಿದು, ನಾಲಗೆ ಕಚ್ಚಿಕೊಂಡು ನಿಂತಳು. ನಾನು ಅವರ ಗೋಂದಿನ ಬಾಟಲಿ ತೆಗೆದೆ. ಒಳಗೆಲ್ಲ ಒಣಗಿ ಕಲ್ಲಾಗಿತ್ತು. ಬಿಡಮ್ಮ ಎನ್ನಲು ನನ್ನಿಂದಾಗಲಿಲ್ಲ. ಅವಳು ಅಲುಗದಂತೆ ಹಿಡಿದೇ ಇದ್ದಳು.