ಕರ್ಸಿದಿಯ ಶೆಡ್ಡಿನಲ್ಲಿ ತಸೇಮಿಯ ಕೈ

ಬೆಳಗಿನ ಐದೂಕಾಲು. ಬ್ರೊಮೊ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ತಗಡಿನ ಶೆಡ್ಡು ಕಟಕಟ ಅನ್ನುತ್ತಿದೆ. ತಸೇಮಿ ಚಳಿಗೆ ಹೊದ್ದ ಸರೋಂಗನ್ನು ಹೆಗಲ ಮೇಲೆ ಗಂಟು ಹಾಕಿಕೊಂಡು, ಮಂಡಿಯೂರಿ ಕೂತು, ಜೀಪಿನ ಹೊಗೆ ಕೊಳವೆಯ ಬಾಯಿಗೆ ಒಂದು ಬಿಳಿ ಬಟ್ಟೆ ಹಿಡಿದಿದ್ದಾರೆ. ತುಟಿಯಲ್ಲೇ ಇಪ್ಪತ್ತರವರೆಗೆ ಎಣಿಸಿ, ಬಟ್ಟೆಯನ್ನು ದೀಪದ ಹತ್ತಿರ ಒಯ್ದು ನೋಡುತ್ತಾರೆ. ನಡುವೆ ಕಾಸಿನಗಲದ ಕಪ್ಪು ಕಲೆ. ಬಾನೆಟ್ಟಿನೊಳಗೆ ಬಗ್ಗಿ, ಡೀಸೆಲ್ ಪಂಪಿನ ಮೇಲಿನ ತಿರುಪನ್ನು ಇಷ್ಟೇ ಇಷ್ಟು ಹಿಂದಕ್ಕೆ ತಿರುಗಿಸುತ್ತಾರೆ.

"ಸದ್ದು ಬದಲಾಯ್ತು, ಕೇಳಿಸ್ತಾ?" ಎಂದು ಕೇಳುತ್ತಾರೆ.

ನನಗೇನೂ ಕೇಳಿಸಲಿಲ್ಲ. ಹಾಗೆಂದೇ ಹೇಳುತ್ತೇನೆ.

"ಹೋಗ್ಲಿ ಬಿಡಿ. ನಿಮಗೆ ಕೇಳಿಸಿ ಏನಾಗ್ಬೇಕು. ಏರು ಹತ್ತುವಾಗ ಅದಕ್ಕೆ ಉಸಿರು ಸಾಲ್ಬೇಕು, ಅಷ್ಟೇ."

ಇವತ್ತು ಈ ಜೀಪು ಮರಳು ಬಯಲಿನಿಂದ ಬೆಟ್ಟದ ಅಂಚಿನವರೆಗಿನ ಏರನ್ನು ಹತ್ತಬೇಕು. ಹತ್ತದಿದ್ದರೆ ಈ ಶೆಡ್ಡಿಗೆ ಇನ್ನು ಯಾರೂ ಬರುವುದಿಲ್ಲ. ಈಗಲೇ ಒಂಬತ್ತು ದಿನದಿಂದ ಒಂದು ಗಾಡಿಯೂ ಬಂದಿಲ್ಲ. ಅದಕ್ಕೆ ಕಾರಣ ತಸೇಮಿಯ ಕೆಲಸ ಕೆಟ್ಟಿತೆಂದಲ್ಲ. ಮೂರು ವರ್ಷದ ಹಿಂದೆ ತೀರಿಕೊಂಡ ಅವರ ಗಂಡ ಕರ್ಸಿದಿಯ ಜೀವಕ್ಕೆ ಒಂಬತ್ತು ದಿನದ ಹಿಂದೆ ಪೂಜೆಯಲ್ಲಿ ಬಿಡುಗಡೆಯಾಯಿತು, ಅದಕ್ಕೆ.

ನಾನು ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ಒಂಬತ್ತು ವರ್ಷದ ಹಿಂದೆ ಇದೇ ಪುರವಣಿಯಲ್ಲಿ ಕರ್ಸಿದಿಯ ಬಗ್ಗೆ ಅರ್ಧ ಪುಟ ಬರೆದವನು ನಾನೇ. ಪೆಟ್ರೋಲ್ ಕುಡಿದು ಕುಡಿದು ಮಾಲೀಕರನ್ನು ಹಣ್ಣುಗಾಯಿ ಮಾಡುತ್ತಿದ್ದ ಹಳೆಯ ಜೀಪುಗಳಿಗೆ, ಗುಜರಿಗೆ ಬಿದ್ದ ಲಾರಿಗಳ ಡೀಸೆಲ್ ಎಂಜಿನ್ ಕೂರಿಸಿ ಮರುಜೀವ ಕೊಡುವ ಮನುಷ್ಯ ಅಂತ. ಪ್ರತಿ ಪಂಪಿನ ತಿರುಪಿನ ಮೇಲೂ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇರುತ್ತದೆ, ಅದೇ ಕರ್ಸಿದಿಯ ಮುದ್ರೆ ಅಂತಲೂ ಬರೆದಿದ್ದೆ. ಕೈತುಂಬ ಗ್ರೀಸು ಮೆತ್ತಿಕೊಂಡ ಆ ದಡೂತಿ ಗಂಡಸಿಗೆ ಉಗುರುಬಣ್ಣ ಎಲ್ಲಿಂದ ಬಂತು ಎಂದು ಕೇಳುವಷ್ಟು ಬುದ್ಧಿ ನನಗೆ ಓಡಲಿಲ್ಲ. ಆ ಲೇಖನದಲ್ಲಿ ತಸೇಮಿಗೆ ಸಿಕ್ಕಿದ್ದು ಒಂದೇ ಸಾಲು, "ಪತ್ನಿ ಬಿಸಿ ಕಾಫಿ ತಂದಿಟ್ಟರು". ಪತ್ರಿಕೆಯನ್ನು ಅವರು ಜೋಪಾನವಾಗಿ ಎತ್ತಿಟ್ಟಿದ್ದಾರೆ. ಅದನ್ನು ತೋರಿಸಿದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ತಸೇಮಿಗೆ ಈಗ ಐವತ್ತೇಳು. ಆಲೂಗಡ್ಡೆ, ಈರುಳ್ಳಿ ಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿ, ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು. ಹತ್ತೊಂಬತ್ತಕ್ಕೆ ಮದುವೆ. ಮಕ್ಕಳಾಗಲಿಲ್ಲ. ಕರ್ಸಿದಿ ಮರಳಿನ ಲಾರಿ ಓಡಿಸುತ್ತಿದ್ದ ಕಾಲಕ್ಕೇ ಕಿವಿ ಮಂದವಾಗಿತ್ತು, ಅದನ್ನು ಊರಿಗೆ ತೋರಿಸಿಕೊಂಡವನಲ್ಲ. ಎಂಜಿನ್ ಎತ್ತುವುದು, ಕಬ್ಬಿಣದ ಪಟ್ಟಿ ಕತ್ತರಿಸಿ ಗೇರ್ ಬಾಕ್ಸಿಗೆ ಹೊಂದಿಸುವುದು, ಬೆಸುಗೆ ಹಾಕುವುದು, ಇದರಲ್ಲೆಲ್ಲ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಅವನು ಕೂರಿಸಿದ ಮೊದಲ ಎಂಜಿನ್ ಏರಿನ ಅರ್ಧಕ್ಕೆ ಹೋಗಿ ಕರಿ ಹೊಗೆ ಕಾರಿ ನಿಂತುಬಿಟ್ಟಿತು. ಎರಡನೆಯದೂ ಅಷ್ಟೇ.

"ನಾನು ಕಾಫಿ ಕೊಡೋಕೆ ಹೋದೆ. ಎಂಜಿನ್ ಸದ್ದು ಕೇಳಿ, ಮೂರನೇ ನಾಜಲ್ ತೊಟ್ಟಿಕ್ತಾ ಇದೆ ಕಣ್ರೀ ಅಂದೆ. ನಮ್ಮವರು ನಕ್ರು. ಬಿಚ್ಚಿ ನೋಡಿದ್ರೆ ಮೂರನೇ ನಾಜಲ್ ಬಾಯಲ್ಲಿ ಡೀಸೆಲ್ ಹನಿ ನಿಂತಿತ್ತು. ಆಮೇಲೆ ನಗಲಿಲ್ಲ."

ಅವತ್ತಿನಿಂದ ಕೂರಿಸುವುದು ಅವನ ಪಾಲು, ಹದ ಮಾಡುವುದು ಇವರ ಪಾಲು. ಗಾಡಿಯವರು ಬರುವ ಮೊದಲೇ, ಬೆಳಗಿನ ಜಾವ ನಾಲ್ಕಕ್ಕೆದ್ದು ಮುಗಿಸಿಬಿಡುತ್ತಿದ್ದರು. ವಾಲ್ವಿನ ಸಂದು ನೋಡುವುದು, ನಾಲ್ಕೂ ನಾಜಲ್ಲುಗಳಿಂದ ಕಾಗದದ ಮೇಲೆ ಡೀಸೆಲ್ ಚಿಮ್ಮಿಸಿ ಹರಡಿದ ರೀತಿ ನೋಡುವುದು, ಡೀಸೆಲ್ ಸರಿಯಾದ ಕ್ಷಣಕ್ಕೆ ಚಿಮ್ಮುವಂತೆ ಪಂಪನ್ನೇ ಕೂದಲೆಳೆಯಷ್ಟು ಹೊರಳಿಸುವುದು, ಕೊನೆಗೆ ಬಿಳಿ ಬಟ್ಟೆ. ಒಂದು ಗಾಡಿಗೆ ಕಡಿಮೆಯೆಂದರೆ ಆರು ಬಟ್ಟೆ ಬೇಕು. ಹದ ಬಂದ ಮೇಲೆ ತಿರುಪು ಅಲುಗದಂತೆ, ಯಾರಾದರೂ ಮುಟ್ಟಿದರೆ ಗೊತ್ತಾಗುವಂತೆ ಉಗುರುಬಣ್ಣದ ಚುಕ್ಕೆ. ವರ್ಷಕ್ಕೆ ನಾಲ್ಕು ಶೀಶೆ ಖರ್ಚಾಗುತ್ತದೆ. ಅವರ ಉಗುರಿಗೆ ಅದು ಒಂದು ದಿನವೂ ತಾಗಿಲ್ಲ. ಡೀಸೆಲ್ಲಿಗೆ ಸೀಳಿದ ಬೆರಳ ತುದಿಗಳಿಗೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರೆ.

"ಬೆಟ್ಟದ ಕೆಳಗಿನ ಊರಿನ ಮೆಕ್ಯಾನಿಕ್‌ಗಳು ಎಂಜಿನ್‌ಗೆ ಶಕ್ತಿ ಬರ್ಲಿ ಅಂತ ಡೀಸೆಲ್ ಜಾಸ್ತಿ ಬಿಡ್ತಾರೆ. ಇಲ್ಲಿ ಗಾಳಿ ತೆಳು. ತಿಂದಿದ್ದು ಅರಗ್ಬೇಕಲ್ಲ? ಉಸಿರು ಎಷ್ಟಿದ್ಯೋ ಅಷ್ಟೇ ಊಟ ಹಾಕ್ಬೇಕು."

ಈ ಬೆಟ್ಟದ ನಾಲ್ಕು ಊರುಗಳಲ್ಲಿ ಪ್ರವಾಸಿಗರನ್ನೂ ಕೋಸಿನ ಮೂಟೆಗಳನ್ನೂ ಹೊತ್ತು ಓಡಾಡುವ ಜೀಪುಗಳ ಪೈಕಿ ನೂರ ನಲವತ್ತಕ್ಕೆ ಹದ ಬಂದಿದ್ದು ಹೀಗೆ. ಹೆಸರು ಮಾತ್ರ ಕರ್ಸಿದಿಯದು. ಯಾಕೆ ಹೇಳಲಿಲ್ಲ ಎಂದರೆ ತಸೇಮಿ ಭುಜ ಕುಣಿಸುತ್ತಾರೆ. "ಯಾರೂ ಕೇಳ್ಲಿಲ್ವಲ್ಲ."

ಮೂರು ವರ್ಷ ನಾಲ್ಕು ತಿಂಗಳ ಹಿಂದೆ ಕರ್ಸಿದಿ ಎದೆನೋವಿಂದ ತೀರಿಕೊಂಡ. ಶೆಡ್ಡು ಮುಚ್ಚಿತೆಂದೇ ಎಲ್ಲರೂ ಅಂದುಕೊಂಡೆವು. ಒಂದು ರಜೆಯ ವಾರ ಪೋನಾಲಿ ಎಂಬ ಜೀಪ್ ಡ್ರೈವರು, ಗಾಡಿ ಕೈಕೊಟ್ಟು ಬೇರೆ ದಾರಿ ಕಾಣದೆ ಇವರ ಬಾಗಿಲಿಗೆ ಬಂದ. ಪೋನಾಲಿಯ ಬಾಯಿಗೆ ಬೀಗವಿಲ್ಲ. ತಸೇಮಿ ತಿರುಪು ತಿರುಗಿಸಿಕೊಟ್ಟ ಗಾಡಿ ಥೇಟ್ ಹಳೆಯ ಹಾಗೆ ಓಡಿದ್ದನ್ನು ಸಂಜೆಯೊಳಗೆ ನಾಲ್ಕೂ ಊರಿಗೆ ಸಾರಿದ. ಹಿರಿಯ ಗಂಡಸರಿಗೆ ನಾವು ಗೌರವದಿಂದ ಹೇಳುವ 'ಪಾಕ್' ಸೇರಿಸಿ ಸಾರಿದ್ದು ಹೀಗೆ: "ಪಾಕ್ ಕರ್ಸಿದಿ ಎಲ್ಲೂ ಹೋಗಿಲ್ಲ ಕಣ್ರೋ! ಶೆಡ್ಡಲ್ಲೇ ಇದಾರೆ. ಹೆಂಡ್ತಿ ಕೈ ಹಿಡಿದು ತಿರುಗಿಸ್ತಾ ಇದಾರೆ!"

ಊರಿಗೆ ಅದು ಸಹಜವಾಗಿಯೇ ಕಂಡಿತು. ಸತ್ತು ಸಾವಿರ ದಿನ ಕಳೆದ ಮೇಲೆ ಎಂತಾಸ್-ಎಂತಾಸ್ ಎಂಬ ಬಿಡುಗಡೆಯ ಪೂಜೆ ಮಾಡಿ, ಎಲೆ ಹೂವಿನ ಬೊಂಬೆಗೆ ಸತ್ತವರ ಬಟ್ಟೆ ಉಡಿಸಿ ಸುಡುವ ತನಕ ಜೀವ ಮನೆಯ ಸುತ್ತಮುತ್ತಲೇ ಇರುತ್ತದೆಂದು ನಾವೆಲ್ಲ ನಂಬಿದವರು. ಗಾಡಿಗಳು ಮತ್ತೆ ಬರತೊಡಗಿದವು. ಬಂದವರು ಕರ್ಸಿದಿ ಕೂರುತ್ತಿದ್ದ ಸ್ಟೂಲಿನ ಮೇಲೆ ಲವಂಗದ ಸಿಗರೇಟು ಹಚ್ಚಿಟ್ಟು, "ಪಾಕ್, ಕ್ಲಚ್ ಬಿಟ್ಟಾಗ ನಡುಗ್ತದೆ, ಸ್ವಲ್ಪ ನೋಡಿ" ಎಂದು ಸ್ಟೂಲಿಗೇ ಹೇಳಿ ಹೋಗುತ್ತಿದ್ದರು. ಪಕ್ಕದಲ್ಲಿ ಸ್ಪಾನರು ಹಿಡಿದು ನಿಂತ ಹೆಂಗಸು ಅವರ ಕಣ್ಣಿಗೇ ಬೀಳುತ್ತಿರಲಿಲ್ಲ. ನನ್ನ ಮನೆ ಶೆಡ್ಡಿನಿಂದ ಮೂರು ಮನೆ ಆಚೆ. ನಾನೂ ಒಮ್ಮೆ ಆ ಸ್ಟೂಲಿಗೆ ತಲೆಬಾಗಿ ಹೋಗಿದ್ದೇನೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ತಸೇಮಿ ಯಾರಿಗೂ ಅಲ್ಲ ಎನ್ನಲಿಲ್ಲ. ಹೊಟ್ಟೆಪಾಡು ನಡೆಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ದಿನ ಕಳೆದಂತೆ ಅವರಿಗೂ ಹಾಗೇ ಅನ್ನಿಸತೊಡಗಿತು. ಕೆಲಸ ಮಾಡುತ್ತಾ ಗಂಡನ ಹತ್ತಿರ ಮಾತಾಡುತ್ತಿದ್ದರು. ಇಷ್ಟು ಸಾಕಾ, ಇನ್ನೂ ಸ್ವಲ್ಪ ತಿರುಗಿಸ್ಲಾ ಎಂದು ಕೇಳಿ, ತಡೆದು, ಆಮೇಲೆ ತಿರುಗಿಸುತ್ತಿದ್ದರು. ಸಾವಿರ ದಿನ ಕಳೆಯಿತು. ಸಾಮೂಹಿಕ ಬಿಡುಗಡೆಯ ಪೂಜೆ ಎರಡು ಬಾರಿ ಬಂತು, ಎರಡು ಬಾರಿಯೂ ಏನೋ ಒಂದು ನೆಪ ಹೇಳಿ ತಪ್ಪಿಸಿಕೊಂಡರು.

ಈ ಸಲ ಕರ್ಸಿದಿಯ ಅಕ್ಕ ಸುಮಿನಾ ಮನೆ ಬಾಗಿಲಿಗೇ ಬಂದು ನಿಂತರು. ಎಪ್ಪತ್ತು ದಾಟಿದ ಮುದುಕಿ. ಮಾತು ಮಾತ್ರ ಕುಡುಗೋಲು.

"ಸತ್ತವನನ್ನ ಇನ್ನೂ ಎಷ್ಟು ದಿನ ಕೂಲಿಗೆ ಇಟ್ಕೊಂಡಿರ್ತೀಯೇ? ಬದುಕಿದ್ದಾಗ ದುಡಿದಿದ್ದು ಸಾಲ್ದಾ ನಿಂಗೆ?"

ತಸೇಮಿ ಅವತ್ತು ಊಟ ಮಾಡಲಿಲ್ಲ. ಮರುದಿನ ಹೋಗಿ ಪೂಜೆಗೆ ಹೆಸರು ಬರೆಸಿದರು. ಬೊಂಬೆಗೆ ಕರ್ಸಿದಿಯ ನೀಲಿ ಅಂಗಿ ತೊಡಿಸಿದರು. ಮಂತ್ರ ಮುಗಿದು ಬೊಂಬೆಗೆ ಬೆಂಕಿ ಇಟ್ಟಾಗ ಅಳಲಿಲ್ಲ. ಮನೆಗೆ ಬಂದು ಸ್ಟೂಲನ್ನು ಸುಮಿನಾ ಅವರಿಗೆ ಕೊಟ್ಟುಬಿಟ್ಟರು. ಊರವರ ಲೆಕ್ಕದಲ್ಲಿ ಮೆಕ್ಯಾನಿಕ್ ಹೊರಟುಹೋಗಿದ್ದ, ಆದ್ದರಿಂದ ಗಾಡಿಗಳೂ ನಿಂತವು.

ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಉಳಿದಿದ್ದು ಇದೊಂದೇ. ಕರ್ಸಿದಿ ತನಗೆಂದು ಕೊಂಡ ಜೀಪು. ಎಂಜಿನ್ ಕೂರಿಸಿ, ನಟ್ಟು ಬಿಗಿದು, ಒಮ್ಮೆಯೂ ಚಾಲೂ ಮಾಡದೆ ಹೋದ. ತಸೇಮಿ ಮೂರು ವರ್ಷ ಅದನ್ನು ಮುಟ್ಟಿರಲಿಲ್ಲ. ಒಂಬತ್ತು ದಿನದಿಂದ ಅದರ ಜೊತೆಗೇ ಇದ್ದಾರೆ.

"ಎಲ್ರೂ ಹೇಳಿ ಹೇಳಿ ನಂಗೂ ಅನುಮಾನ ಬಂದ್ಬಿಟ್ಟಿದೆ," ಎನ್ನುತ್ತಾರೆ ಕೈ ಒರೆಸಿಕೊಳ್ಳುತ್ತಾ. "ಮೊದಲು ಮಾಡ್ತಿದ್ದವಳು ನಾನೇ, ಅದು ಗೊತ್ತು. ಆದ್ರೆ ಈ ಮೂರು ವರ್ಷದ್ದು ಯಾರದ್ದು? ಈಗ ಅವರಿಲ್ಲ. ಈಗಲೂ ಹದ ಬಂದ್ರೆ ಕೈ ನಂದು. ಬರ್ಲಿಲ್ಲ ಅಂದ್ರೆ ಆಲೂಗಡ್ಡೆ ಕೀಳೋಕೆ ಹೋಗ್ತೀನಿ."

ಏಳನೆಯ ಬಟ್ಟೆ ತೆಗೆದಾಗ ಕಲೆ ತೆಳು ಬೂದಿಯ ಬಣ್ಣಕ್ಕೆ ಇಳಿದಿದೆ. ಸಾಕೆಂದು ತಲೆ ಆಡಿಸುತ್ತಾರೆ. ಮೆಕ್ಕೆಜೋಳದ ಅನ್ನ, ಹಸಿಮೆಣಸಿನ ಚಟ್ನಿ ತಿಂದು ಹೊರಡುತ್ತೇವೆ. ಶೆಡ್ಡಿನ ಅಂಗಳದಲ್ಲಿ ಹಿಂದಕ್ಕೆ ಮುಂದಕ್ಕೆ ಗಾಡಿ ತೆಗೆದದ್ದು ಬಿಟ್ಟರೆ ಅವರು ಏರಿನಲ್ಲಿ ಓಡಿಸಿದವರಲ್ಲ. ನಾನು ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದೇನೆ. ಇಳಿಜಾರನ್ನು ಮೊದಲ ಗೇರಿನಲ್ಲೇ ಇಳಿದು ಮರಳು ಬಯಲು ಮುಟ್ಟುತ್ತೇವೆ.

ಎಂಟು ಗಂಟೆ. ಸೂರ್ಯೋದಯ ನೋಡಲು ಬಂದವರನ್ನು ತಿರುಗಾಡಲು ಬಿಟ್ಟು ಡ್ರೈವರುಗಳೆಲ್ಲ ಏರಿನ ಬುಡದ ಕಾಫಿ ಅಂಗಡಿಯಲ್ಲಿ ಸೇರಿದ್ದಾರೆ. ಪೋನಾಲಿ ಲೋಟ ಹಿಡಿದೇ ಎದ್ದು ಬರುತ್ತಾನೆ. ತಸೇಮಿಯನ್ನು ಇವರೆಲ್ಲ ಮಾಕ್, ಅಂದರೆ ಅವ್ವ, ಎಂದೇ ಕರೆಯುವುದು.

"ಮಾಕ್! ಎಲ್ಲಿಗೆ ಸವಾರಿ? ಹಗ್ಗ ತರ್ಲಾ ಎಳೆಯೋಕೆ?"

"ನಿನ್ನ ಗಾಡಿ ಎಳೆಯೋಕೆ ಇಟ್ಕೋ, ಬೇಕಾಗ್ತದೆ."

ಎಲ್ಲರೂ ನಗುತ್ತಾರೆ. "ಪಾಕ್ ಇಲ್ದೆ ಅದು ಕೆಮ್ಮೋದೂ ಇಲ್ಲ ಮಾಕ್, ಸುಮ್ನೆ ವಾಪಸ್ ಹೋಗಿ" ಎಂದು ಯಾರೋ ಹಿಂದಿನಿಂದ ಕೂಗುತ್ತಾರೆ. ತಸೇಮಿ ಗೇರ್ ಹಾಕಿ ಗಾಡಿಯನ್ನು ಏರಿಗೆ ತಿರುಗಿಸುತ್ತಾರೆ.

ಮೊದಲ ತಿರುವು ಸಲೀಸು. ಎರಡನೆಯದರಲ್ಲಿ ಸಡಿಲ ಮರಳಿಗೆ ಹಿಂದಿನ ಚಕ್ರ ಒಮ್ಮೆ ಜಾರಿ ಮತ್ತೆ ನೆಲ ಕಚ್ಚುತ್ತದೆ. ಮೂರನೆಯದು ಕಡಿದಾದದ್ದು, ಕರ್ಸಿದಿಯ ಮೊದಲ ಜೀಪು ನಿಂತಿದ್ದು ಅಲ್ಲೇ. ಎಂಜಿನ್ನಿನ ದನಿ ಇಳಿಯುತ್ತದೆ, ಇನ್ನೂ ಇಳಿಯುತ್ತದೆ. ಬೇರೆ ಯಾರಾದರೂ ಆಗಿದ್ದರೆ ಗಾಬರಿಯಲ್ಲಿ ಪೂರ್ತಿ ತುಳಿದುಬಿಡುತ್ತಿದ್ದರು. ತಸೇಮಿ ಕಾಲನ್ನು ಕೊಂಚ ಹಿಂದಕ್ಕೆ ಎತ್ತುತ್ತಾರೆ. ಇಷ್ಟು ಸಾಕಾ ಎಂದು ಯಾರನ್ನೂ ಕೇಳುವುದಿಲ್ಲ. ಒಂದು ಕ್ಷಣ ಬಿಟ್ಟು ಎಂಜಿನ್ ತಾನಾಗಿ ದನಿ ಏರಿಸಿಕೊಂಡು ಮೇಲಕ್ಕೆ ನಡೆಯುತ್ತದೆ. ಹಿಂತಿರುಗಿ ನೋಡಿದರೆ ಹೊಗೆಯ ಸುಳಿವೇ ಇಲ್ಲ. ನಾನು ಮಗುವಿನ ಹಾಗೆ ಚಪ್ಪಾಳೆ ತಟ್ಟಿದೆ, ಸುಳ್ಳೇಕೆ ಹೇಳಲಿ.

ಅಂಚಿನಲ್ಲಿ ಗಾಡಿ ನಿಲ್ಲಿಸಿದ ಐದು ನಿಮಿಷಕ್ಕೆ ಪೋನಾಲಿ ತನ್ನ ಜೀಪಿನಲ್ಲಿ ಹಿಂದೆಯೇ ಬಂದು ಇಳಿಯುತ್ತಾನೆ. ಮುಖದ ತುಂಬ ಖುಷಿ.

"ನಾನು ಹೇಳ್ಲಿಲ್ವಾ ಮಾಕ್! ಬೊಂಬೆ ಸುಟ್ರೂ ಪಾಕ್ ಹೋಗಿಲ್ಲ! ಇಲ್ಲೇ ಇದಾರೆ!"

ನನಗೆ ಪಿತ್ತ ನೆತ್ತಿಗೇರಿತು. ನಾನು ಬಾಯಿ ತೆರೆಯುವ ಮೊದಲೇ ತಸೇಮಿ ಕೆಳಗಿಳಿದು ಅವನ ಮುಂದೆ ನಿಲ್ಲುತ್ತಾರೆ.

"ಲೇ, ಆ ಮಾತು ಇನ್ನೊಂದ್ಸಲ ಆಡ್ಬೇಡ. ಅವರು ಹೋಗಿದಾರೆ. ನೆಮ್ಮದಿಯಾಗಿ ಹೋಗಿದಾರೆ. ಇದನ್ನ ಹದ ಮಾಡಿದ್ದು ನಾನು. ನಿನ್ನದನ್ನ ಮಾಡಿದ್ದೂ ನಾನೇ."

ಪೋನಾಲಿ ಸರೋಂಗನ್ನು ಸರಿಮಾಡಿಕೊಂಡು, "ಹಂಗಾದ್ರೆ... ನಾಳೆ ನನ್ನ ಗಾಡಿ ತರ್ಲಾ, ಮಾಕ್?" ಎಂದು ಅವರನ್ನೇ ಕೇಳುತ್ತಾನೆ.

"ಐದು ಗಂಟೆಗೆ ತಾ. ತಡ ಮಾಡಿದ್ರೆ ಮುಟ್ಟಲ್ಲ."

ಅವನು ಇಳಿದು ಹೋದ ಮೇಲೆ ನಾವಿಬ್ಬರೇ ಉಳಿಯುತ್ತೇವೆ. ತಸೇಮಿ ಎಂಜಿನ್ ಆರಿಸುವುದಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಊರಿ ನಿಲ್ಲುತ್ತಾರೆ. ಗೆದ್ದಿರಲ್ಲ, ಇನ್ನೇನು ಬೇಕು ನಿಮಗೆ ಎಂದು ನಾನು ಕೇಳುತ್ತೇನೆ. ಬರೆಯುವವರು ಕೇಳುವ ಮಾಮೂಲು ಪ್ರಶ್ನೆ. ಅವರು ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿರುತ್ತದೆ.

"ಕೈ ನಂದೇ ಅಂತ ಆಯ್ತು," ಎನ್ನುತ್ತಾರೆ. "ಅಂದ್ರೆ ಈ ಮೂರು ವರ್ಷ ಆ ಶೆಡ್ಡಲ್ಲಿ ನಾನೊಬ್ಳೇ ಇದ್ದೆ, ಅಲ್ವಾ?"