ಚಿರತೆಯ ತಲೆಗೆ ಕಟ್ಟಿದ್ದು

ಚಿರತೆ ಎಂಬ ಮಾತು ಕಿವಿಗೆ ಬಿದ್ದರೆ ಹರಿಣಾಕ್ಷಿಗೆ ಪಿತ್ತ ನೆತ್ತಿಗೇರುತ್ತದೆ. ಕಾಡಿನ ಚಿರತೆಯ ಮೇಲೆ ಅವಳಿಗೆ ಯಾವ ಸಿಟ್ಟೂ ಇಲ್ಲ. ಚಾರ್ಮಾಡಿ ರಸ್ತೆಯ ಕಕ್ಕಿಂಜೆಯಲ್ಲಿ ಸಂಸಾರ ಮಾಡಿದವಳು, ಚಿರತೆಯನ್ನು ಕಣ್ಣಾರೆ ಕಂಡವಳು. ಅದು ಬರುತ್ತದೆ, ನಾಯಿ ಹಿಡಿಯುತ್ತದೆ, ಹೋಗುತ್ತದೆ. ಅದರ ಹೊಟ್ಟೆಪಾಡು ಅದಕ್ಕೆ. ಅವಳಿಗೆ ಮೈ ಉರಿಯುವುದು ಗಂಡಸರ ಬಾಯಲ್ಲಿ ಹುಟ್ಟುವ ಚಿರತೆಯನ್ನು ಕಂಡರೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಮೂರು ಕಡೆಯಲ್ಲೂ ಅಷ್ಟೇ: ಯಾರ ಮನೆಯ ನಾಯಿ ಕಾಣೆಯಾಗಲಿ, ಜಗಲಿಯಲ್ಲಿ ಕೂತ ಒಬ್ಬ ಗಂಡಸು ಎಲೆ ಅಡಿಕೆ ಜಗಿಯುತ್ತಾ “ಚಿರತೆ ಹೊತ್ತುಕೊಂಡು ಹೋಗಿರ್ಬೇಕು” ಎಂದು ತೀರ್ಪು ಕೊಟ್ಟುಬಿಡುತ್ತಾನೆ. ಪಾಪದ ಪ್ರಾಣಿ, ಅಂಗಳಕ್ಕೆ ಬಂದು ಇಲ್ಲ ಎಂದು ಸಾಕ್ಷಿ ಹೇಳುವುದಿಲ್ಲವಲ್ಲ.

ಅವಳ ಗಂಡ ಜಿತೇಶನೂ ಹಾಗೆಯೇ ಹೇಳಿದ್ದ.

ಜಿತೇಶನಿಗೆ ಕುಡಿದರೆ ಹೊಡೆಯಬೇಕು, ಕುಡಿಯದಿದ್ದರೆ ಕುಡಿಯಲು ಸಿಗಲಿಲ್ಲವೆಂದು ಹೊಡೆಯಬೇಕು. ಬೆಲ್ಟು, ಸೌದೆ, ಕೈಗೆ ಸಿಕ್ಕಿದ್ದು. ಒಮ್ಮೆ ಕೊಡಲಿಯ ಕಾವಿನಿಂದ ಬಾರಿಸಿ ಅವಳ ಎಡಗೈಯ ಮೂಳೆ ಮುರಿದಿದ್ದ. ಆ ಕೈ ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ. ಆ ಮನೆಯಲ್ಲಿ ಅವಳ ಪರವಾಗಿ ನಿಂತದ್ದು ಕಾಳಿ ಎಂಬ ಕಪ್ಪು ಹೆಣ್ಣುನಾಯಿ ಒಂದೇ. ಒಂದು ಮಧ್ಯಾಹ್ನ ಗಂಜಿಗೆ ಉಪ್ಪು ಹೆಚ್ಚಾಯಿತೆಂದು ಅವನು ಅವಳ ಜುಟ್ಟು ಹಿಡಿದು ತಲೆಯನ್ನು ಕಂಬಕ್ಕೆ ಬಡಿಯುತ್ತಿದ್ದಾಗ, ಮರಿಗೆ ಹಾಲು ಕೊಡುತ್ತಿದ್ದ ಕಾಳಿ ಎದ್ದು ಬಂದು ಅವನ ಮಣಿಕಟ್ಟಿಗೆ ಹಲ್ಲೂರಿತು. ಎಲುಬು ಸಿಗುವವರೆಗೆ ಬಿಡಲಿಲ್ಲ. ಮರುದಿನ ಕಾಳಿ ಇರಲಿಲ್ಲ.

“ಚಿರತೆ ಹೊತ್ತುಕೊಂಡು ಹೋಯ್ತು,” ಎಂದ ಜಿತೇಶ, ಬ್ಯಾಂಡೇಜು ಸುತ್ತಿದ ಕೈಯಲ್ಲಿ ಬೀಡಿ ಹಿಡಿದುಕೊಂಡು.

ಹರಿಣಾಕ್ಷಿ ನಂಬಿದಳು. ನಂಬದೆ ಇದ್ದದ್ದು ಮರಿ. ಅದು ಮನೆಯ ಹಿಂದಿನ ಕಾಲುದಾರಿಗೆ ಮೂಗು ಒತ್ತಿ ಹೊರಡುವುದು, ಅವಳು ಎತ್ತಿ ತರುವುದು, ಅದು ಮತ್ತೆ ಅದೇ ದಾರಿ ಹಿಡಿಯುವುದು. ಕೊನೆಗೆ ಬೇಸತ್ತು ಅದರ ಹಿಂದೆಯೇ ನಡೆದಳು. ಗೇರುಮರದ ಕೊಂಬೆಯಲ್ಲಿ ಕಾಳಿ ತಂತಿಯಿಂದ ನೇತಾಡುತ್ತಿತ್ತು. ಹಿಂಗಾಲಿನ ಉಗುರು ನೆಲಕ್ಕೆ ತಾಗುವ ಹಾಗೆ ಅಳತೆ ನೋಡಿ ಕಟ್ಟಿದ್ದ, ಬೇಗ ಸಾಯಬಾರದೆಂದು. ಕೆರೆದು ಕೆರೆದು ಅಲ್ಲೊಂದು ಗುಂಡಿಯೇ ಆಗಿತ್ತು. ಆ ಗುಂಡಿಯನ್ನೇ ದೊಡ್ಡದು ಮಾಡಿ ಅವಳು ಕಾಳಿಯನ್ನು ಹೂತಳು.

ಆಮೇಲೆ ಮನೆಗೆ ಬಂದು, ಒಲೆಯಿಂದ ಉರಿಯುವ ಕೊಳ್ಳಿ ಎಳೆದು, ಊಟಕ್ಕೆ ಕೂತಿದ್ದ ಗಂಡನ ಬೆನ್ನಿಗೆ ಬಾರಿಸಿದಳು. ಅವನು ಬೊಬ್ಬೆ ಹಾಕುತ್ತಾ ಅಂಗಳಕ್ಕೆ ಓಡಿದ, ಅಂಗಳದಲ್ಲೂ ಬಾರಿಸಿದಳು. ಅದೇ ಸಂಜೆ ಮರಿಯನ್ನು ತರಕಾರಿ ಬುಟ್ಟಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಬಿ.ಸಿ.ರೋಡಿನಲ್ಲಿ ಇಳಿದಳು. ಮರಿಗೆ ಮೂಂಕಿ ಎಂದು ಹೆಸರಿಟ್ಟಳು. ತುಳುವಿನಲ್ಲಿ ಮೂಂಕು ಎಂದರೆ ಮೂಗು.

ಬಸ್‌ಸ್ಟ್ಯಾಂಡಿನ ಪಕ್ಕದ ಕ್ಯಾಂಟೀನಿನಲ್ಲಿ ನೀರುದೋಸೆ ಹೊಯ್ಯುವ ಕೆಲಸ ಸಿಕ್ಕಿತು. ಅಲ್ಲಿಗೆ ಚಹಾಕ್ಕೆ ಬರುತ್ತಿದ್ದ ಟೆಂಪೊ ಚಾಲಕ ರಿಝ್ವಾನ್ ಒಂದು ದಿನ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ. ತಾಯಿ ಸೈನಬರ ಬೆಕ್ಕು ಕಾಣೆಯಾಗಿ ಅವರು ಊಟ ಬಿಟ್ಟಿದ್ದರು. ಹರಿಣಾಕ್ಷಿ ದೋಸೆ ಸಟ್ಟುಗ ಕೆಳಗಿಟ್ಟು ಮೂಂಕಿಯನ್ನು ಕರೆದುಕೊಂಡು ಹೋದಳು. ಬೆಕ್ಕು ಹೆದ್ದಾರಿ ಕೆಲಸಕ್ಕೆಂದು ತಂದು ಹಾಕಿದ್ದ ಕೊಳವೆಯೊಳಗೆ ಸಿಕ್ಕಿತು. ಅಂದಿನಿಂದ ಹುಡುಕಾಟದಲ್ಲಿ ರಿಝ್ವಾನ್ ಅವಳ ಜೊತೆಗಾರ. ನಾಯಿ ಮುಟ್ಟಿ ಬಂದ ದಿನ ಸೈನಬ ತಮ್ಮ ಧರ್ಮದ ನಿಯಮದಂತೆ ಮಗನ ಕೈಗೆ ಮಣ್ಣು ಹಚ್ಚಿ ಏಳು ಸಲ ತೊಳೆಸಿಯೇ ಒಳಗೆ ಬಿಡುವುದು. ಆದರೆ ಮೂಂಕಿಗೆಂದು ಒಣಬಂಗುಡೆ ಮೀನು ಕಟ್ಟಿ ಕೊಡುವವರೂ ಅವರೇ.

ಸುದ್ದಿ ಹಬ್ಬಿತು. ಪೊಲೀಸ್ ಶ್ವಾನದಳದಲ್ಲಿ ದುಡಿದು ಮೂಡಬಿದಿರೆಯಲ್ಲಿ ನೆಲೆಸಿದ್ದ ಪದ್ಮಯ್ಯ ತಾವಾಗಿ ಬಂದು ಪಾಠ ಹೇಳಿಕೊಟ್ಟರು. “ನಾಯಿ ಮುಂದೆ, ಬಾಯಿ ಹಿಂದೆ,” ಎನ್ನುವುದು ಅವರ ಮಂತ್ರ. ಮನೆಯವರು ಏನೇ ಹೇಳಲಿ, ನಾಯಿ ತೋರಿಸಿದ ಕಡೆ ನಡೆಯಬೇಕು. ಈಗ ಮೂರು ತಾಲೂಕಿನಲ್ಲೂ ಇಂಥ ನಾಯಿ ಪಳಗಿಸಿಕೊಂಡವರು ಕೆಲವರಿದ್ದಾರೆ. ರಜೆಯ ದಿನ ಹುಡುಕುತ್ತಾರೆ, ಒಂದು ಲೋಟ ಚಹಾ ಕುಡಿದು ಹೋಗುತ್ತಾರೆ. ಸಿಕ್ಕಿದರೆ ಹೆಸರು ಮಾತ್ರ ಕಳೆದದ್ದನ್ನು ಹುಡುಕಿಕೊಡುವ ದೈವ ಕೊರಗಜ್ಜನಿಗೆ. ಕಳೆದದ್ದು ಏನೇ ಇರಲಿ, ಈ ಊರಿನವರು ಮೊದಲು ಅಜ್ಜನಿಗೆ ಚಕ್ಕುಲಿ, ಎಲೆ ಅಡಿಕೆ ಹೇಳಿಕೊಂಡು ಆಮೇಲೆ ಹರಿಣಾಕ್ಷಿಗೆ ಫೋನು ಮಾಡುವುದು. ಅವಳಿಗೆ ಬೇಸರವಿಲ್ಲ. ಅಜ್ಜನ ಕೂಲಿಯಾಳು ನಾನು ಎನ್ನುತ್ತಾಳೆ.

ಬೇಸರ ಹೆಣಗಳದ್ದು. ಹಂದಿಗೆಂದು ಇಟ್ಟ ಸಿಡಿಮದ್ದು ಕಚ್ಚಿ ದವಡೆ ಹಾರಿಹೋದ ನಾಯಿ, ಉರುಳಿನಲ್ಲಿ ಕಾಲು ಸಿಕ್ಕಿ ತನ್ನ ಕಾಲನ್ನೇ ಅಗಿದುಕೊಂಡ ನಾಯಿ, ಎಲ್ಲವನ್ನೂ ಕಂಡಿದ್ದಾಳೆ. ಹಾಗಾಗಿ ಒಂದು ಪದ್ಧತಿ ಮಾಡಿಕೊಂಡಳು. ಮೂಂಕಿಯನ್ನು ಗುಡ್ಡೆಗೆ ಬಿಡುವ ಮೊದಲು ಮನೆಯ ಯಜಮಾನ, ಅಜ್ಜನಿಗೆಂದು ತೆಗೆದಿಟ್ಟ ಚಕ್ಕುಲಿಯ ಕಟ್ಟನ್ನು ಮುಟ್ಟಿ ಹೇಳಬೇಕು: ನಮ್ಮ ಜಾಗದಲ್ಲಿ ಉರುಳಿಲ್ಲ, ಮದ್ದಿಲ್ಲ. ಉರುಳು ಇಟ್ಟವರು ಮುಟ್ಟಲು ಹೆದರಿ, ತಲೆ ಕೆರೆದು, “ಆ ಕಡೆ ಬೇಡ ಅಕ್ಕ” ಎನ್ನುತ್ತಿದ್ದರು. ಪೊಲೀಸರ ಮುಂದೆ ಹತ್ತು ಸುಳ್ಳು ಹೇಳುವವರೂ ಅಜ್ಜನ ಮುಂದೆ ಒಂದೂ ಸುಳ್ಳಾಡುವುದಿಲ್ಲ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

ಬೆಳುವಾಯಿಯಿಂದ ಅಮ್ಮಣ್ಣಿ ಎಂಬವರು ಫೋನು ಮಾಡಿದರು. “ನಮ್ಮ ಬೊಗ್ಗು ಕಾಣ್ತಾ ಇಲ್ಲ. ಇವರು ಚಿರತೆ ಅಂತ ಹೇಳ್ತಾರೆ. ನನಗೆ ಯಾಕೋ ನಂಬಿಕೆ ಬರುವುದಿಲ್ಲ. ಒಮ್ಮೆ ಬಂದು ನೋಡಿ ಮಾರಾಯ್ರೆ.”

ಹರಿಣಾಕ್ಷಿಗೆ ಆ ಒಂದು ಶಬ್ದ ಸಾಕಾಗಿತ್ತು. ಭಾನುವಾರ ಬೆಳಿಗ್ಗೆ ರಿಝ್ವಾನನ ಟೆಂಪೊ ಅವರ ಅಂಗಳದಲ್ಲಿ ನಿಂತಿತು. ಅಮ್ಮಣ್ಣಿಯವರ ಕಣ್ಣು ಅತ್ತು ಊದಿತ್ತು. ತಾಯಿನಾಯಿ ಬಸ್ಸಿನಡಿಗೆ ಬಿದ್ದು ಸತ್ತ ಮೇಲೆ ಬೊಗ್ಗುವನ್ನು ರಸ್ತೆಯಿಂದ ಎತ್ತಿ ತಂದು, ಬಾಟಲಿ ಹಾಲು ಕುಡಿಸಿ ಸಾಕಿದ್ದರಂತೆ. ಅವರ ಗಂಡ ಸುಧಾಕರ ಶೆಟ್ಟರು ಕುರ್ಚಿಯಿಂದ ಏಳದೆ, “ಚಿರತೆಯ ಹೊಟ್ಟೆಯಲ್ಲಿ ಹುಡುಕ್ತೀರಾ?” ಎಂದು ನಕ್ಕರು.

“ಹೊಟ್ಟೆಯಲ್ಲಿ ಉಂಟೋ ಬಾಯಲ್ಲಿ ಉಂಟೋ, ನೋಡುವ ಶೆಟ್ರೇ,” ಎಂದಳು ಹರಿಣಾಕ್ಷಿ. “ಮೊದಲು ಇದನ್ನು ಮುಟ್ಟಿ ಹೇಳಿ. ಗುಡ್ಡೆಯಲ್ಲಿ ಉರುಳುಂಟಾ?”

ಅಮ್ಮಣ್ಣಿ ಚಕ್ಕುಲಿಯ ಕಟ್ಟು ಹಿಡಿದು ನಿಂತಿದ್ದರು. ಶೆಟ್ಟರು ಹೆಂಡತಿಯ ಮುಖ ನೋಡಿದರು, ಕಟ್ಟಿನ ಮೇಲೆ ಬಲಗೈ ಇಟ್ಟರು, “ಇಲ್ಲ” ಎಂದರು.

ಬೊಗ್ಗು ಮಲಗುತ್ತಿದ್ದ ಗೋಣಿಯನ್ನು ಮೂಸಿದ ಮೂಂಕಿ ದನದ ಹಟ್ಟಿಯನ್ನು ಒಂದು ಸುತ್ತು ಹಾಕಿ, ಗದ್ದೆಯ ಬದು ದಾಟಿ, ಸೀದಾ ಗುಡ್ಡೆಗೆ ಮುಖ ಮಾಡಿತು. “ಅಲ್ಲಿ ಎಂಥ ಉಂಟು? ತೋಡಿನ ಕಡೆ ಹೋಗುವ,” ಎಂದು ಶೆಟ್ಟರು ಎದ್ದೇ ಬಂದರು. ಹರಿಣಾಕ್ಷಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹಂದಿಗಳು ಉತ್ತು ಹಾಕಿದ್ದ ಗದ್ದೆಯ ಅಂಚಿನಿಂದ ಮುಳ್ಳುಪೊದೆ ಶುರುವಾಯಿತು. ಮೂಂಕಿಯ ಉದ್ದನೆಯ ಹಗ್ಗ ಹೆಜ್ಜೆಹೆಜ್ಜೆಗೂ ಸಿಕ್ಕಿಹಾಕಿಕೊಳ್ಳತೊಡಗಿತು. ಅಜ್ಜನ ಹೆಸರಿನಲ್ಲಿ ಇಲ್ಲ ಎಂದ ಮೇಲೆ ಇಲ್ಲ ಎಂದುಕೊಂಡು ಅವಳು ಹಗ್ಗ ಬಿಚ್ಚಿದಳು. ಈ ಮಣ್ಣಿನಲ್ಲಿ ಹುಟ್ಟಿದವರು ಮಾತ್ರ ಮಾಡುವ ತಪ್ಪು ಅದು.

ಹಿಂದೆ ಏದುಸಿರು ಕೇಳಿ ತಿರುಗಿ ನೋಡಿದಳು. ಶೆಟ್ಟರು ಬರುತ್ತಿದ್ದರು. ತರಗೆಲೆ ಬಿಟ್ಟರೆ ಮತ್ತೇನೂ ಇಲ್ಲದ ಒಂದು ಜಾಗದಲ್ಲಿ ಅವರು ಲುಂಗಿ ಎತ್ತಿ, ಹೊಸ್ತಿಲು ದಾಟುವಂತೆ ಕಾಲೆತ್ತಿ ದಾಟಿದರು.

ಉರುಳಿನ ಜಾಗ ಅವರ ಕಾಲಿಗೆ ಗೊತ್ತು ಎಂದು ಹರಿಣಾಕ್ಷಿಗೆ ಹೊಳೆಯಿತು. “ಮೂಂಕೀ, ನಿಲ್ಲು!” ಎಂದು ಕಿರುಚಿದಳು. ಆ ಹೊತ್ತಿಗೆ ಮುಂದೆ ಬಗ್ಗಿಸಿ ಕಟ್ಟಿದ್ದ ಗಿಡ ಸೊಯ್ಯನೆ ನೆಟ್ಟಗಾಯಿತು. ಮೂಂಕಿ ಕುತ್ತಿಗೆಯಿಂದ ಗಾಳಿಗೆ ಎದ್ದು ಹೋಯಿತು.

ಅವಳು ಓಡಿ ಹೋಗಿ ಸೊಟ್ಟ ಎಡಗೈಯನ್ನು ಅದರ ಹೊಟ್ಟೆಯಡಿಗೆ ಕೊಟ್ಟು ಎತ್ತಿ ಹಿಡಿದಳು. ತಂತಿ ಚರ್ಮದೊಳಗೆ ಇಳಿದಿತ್ತು. ಎತ್ತಿದರೂ ಸಡಿಲವಾಗದ ಹಾಗೆ ಯಾರೋ ಜಾಣತನದಿಂದ ಗಂಟು ಹಾಕಿದ್ದರು. ಪ್ರಾಣಸಂಕಟಕ್ಕೆ ಮೂಂಕಿ ಅವಳ ತೋಳಿಗೇ ಕಚ್ಚಿತು, ಕಚ್ಚಿ ಹಿಡಿಯಿತು. “ಕಟ್ಟಿಂಗ್ ಪ್ಲೇಯರ್ ತಾ ಮಾರಾಯ!” ಎಂದು ಕೂಗಿದಳು. ರಿಝ್ವಾನ್ ಇಳಿಜಾರಿನಲ್ಲಿ ಬಿದ್ದು ಎದ್ದು ಟೆಂಪೊ ಇದ್ದ ಕಡೆ ಓಡಿದ. ಅವನು ಹೋಗಿ ಬರುವಷ್ಟು ಹೊತ್ತು ಮೂಂಕಿಯ ಬಳಿ ಇರಲಿಲ್ಲ. ನಾಲಿಗೆ ಆಗಲೇ ನೇರಳೆಗೆ ತಿರುಗಿತ್ತು, ಉಚ್ಚೆ ಅವಳ ಬಟ್ಟೆಯ ಮೇಲೆ ಹರಿಯುತ್ತಿತ್ತು.

ಶೆಟ್ಟರು ಅಲ್ಲೇ ನಿಂತಿದ್ದರು. ಅವರ ಕಣ್ಣು ಇನ್ನೊಂದು ಮರದ ಬುಡದಲ್ಲಿತ್ತು. ಅಲ್ಲಿ ಬೊಗ್ಗು ಬಿದ್ದಿತ್ತು, ಸೊಂಟ ತಂತಿಯಲ್ಲಿ ಅರ್ಧ ಕೊಯ್ದುಹೋಗಿ, ನೊಣ ಮುತ್ತಿಕೊಂಡು. ಸುತ್ತಲಿನ ನೆಲವನ್ನೆಲ್ಲ ಅದು ಕೆರೆದು ಹಾಕಿತ್ತು.

“ಶೆಟ್ರೇ, ಗಂಟು ಎಲ್ಲುಂಟು? ಬಿಚ್ಚಿ!”

“ನನಗೆ ಹೇಗೆ ಗೊತ್ತು?”

“ಇಟ್ಟವರಿಗೆ ಗೊತ್ತಿರ್ತದೆ! ನಿಮ್ಮ ನಾಯಿ ಹೀಗೇ ಸತ್ತದ್ದು. ಇದನ್ನೂ ನೋಡ್ತಾ ನಿಲ್ತೀರಾ?”

ಬಿಚ್ಚಿದರೆ ಒಪ್ಪಿಕೊಂಡಂತೆ. ಅರಣ್ಯ ಇಲಾಖೆ, ಕೇಸು, ಊರಿನ ಬಾಯಿ, ಎಲ್ಲಕ್ಕಿಂತ ಮೇಲೆ ಮನೆಯಲ್ಲಿ ಕಾದು ಕೂತ ಹೆಂಡತಿ. ಅದೆಲ್ಲ ಅವರ ಮುಖದಲ್ಲಿ ಹಾದು ಹೋಗುವುದು ಹರಿಣಾಕ್ಷಿಗೆ ಕಾಣುತ್ತಿತ್ತು. ತೋಳಿಗೆ ಕಚ್ಚಿದ್ದ ಹಲ್ಲು ಸಡಿಲವಾಗತೊಡಗಿತು. ಕಚ್ಚು ಮಗಳೇ, ಇನ್ನೂ ಕಚ್ಚು ಎಂದು ಅವಳು ಅಳುತ್ತಾ ಬೇಡಿಕೊಂಡಳು.

ಶೆಟ್ಟರು ಒಮ್ಮೆಲೇ ಮಂಡಿಯೂರಿದರು. ಅವರ ಕೈ ತಡಕಾಡಲಿಲ್ಲ. ತರಗೆಲೆಯ ಅಡಿಗೆ ಸೀದಾ ಬೇರಿನ ಬಳಿಗೆ ಹೋಯಿತು. ತಂತಿಯ ಇನ್ನೊಂದು ತುದಿ ಬಿಗಿದಿದ್ದ ಗೂಟ ಕಿತ್ತರು, ಒಂದು ಸುತ್ತು ತಿರುಗಿಸಿದರು. ತಂತಿ ಜಾರಿತು. ಮೂಂಕಿ ಅವಳ ಮಡಿಲಿಗೆ ಬಿದ್ದು, ಮುರುಕು ಶಂಖದಂತೆ ಒಂದು ಉಸಿರೆಳೆಯಿತು. ಅದು ಬದುಕಿತು ಎಂದು ಈಗಲೇ ಹೇಳಿಬಿಡುವುದು ಒಳ್ಳೆಯದು. ಕುತ್ತಿಗೆಯ ಸುತ್ತ ಕೂದಲು ಹುಟ್ಟದ ಒಂದು ಗೆರೆ ಮಾತ್ರ ಉಳಿಯಿತು.

ಮೂಂಕಿಯ ಉಸಿರು ಸರಿಹೋದದ್ದೇ ತಡ, ಹರಿಣಾಕ್ಷಿ ಅದನ್ನು ಮೆಲ್ಲನೆ ನೆಲಕ್ಕಿಳಿಸಿ, ಹಗ್ಗದ ಕಬ್ಬಿಣದ ಕೊಕ್ಕೆಯ ತುದಿಯಿಂದ ಶೆಟ್ಟರ ಮುಖಕ್ಕೆ ಬಾರಿಸಿದಳು. ತುಟಿ ಒಡೆಯಿತು. ಮತ್ತೆ ಬೆನ್ನಿಗೆ, ಮತ್ತೆ ಹೆಗಲಿಗೆ. ಒಂದೊಂದು ಏಟಿಗೂ “ಅಜ್ಜನ ಹೆಸರಿನಲ್ಲಿ! ಅಜ್ಜನ ಹೆಸರಿನಲ್ಲಿ!” ಎನ್ನುತ್ತಿದ್ದಳು. ಅವರು ಕೈ ಅಡ್ಡ ಹಿಡಿಯಲಿಲ್ಲ. ಪ್ಲೇಯರ್ ಹಿಡಿದು ಓಡಿ ಬಂದ ರಿಝ್ವಾನ್, “ಸಾಕು ಅಕ್ಕ, ಸಾಯ್ತಾರೆ!” ಎಂದು ಅವಳನ್ನು ಸೊಂಟ ಹಿಡಿದು ಹಿಂದಕ್ಕೆಳೆದ.

“ಹಂದಿ ಗದ್ದೆ ಇಡೀ ಹಾಳು ಮಾಡ್ತದೆ,” ಎಂದರು ಶೆಟ್ಟರು, ರಕ್ತ ಉಗುಳುತ್ತಾ. “ಬೊಗ್ಗು ಬರದಿದ್ದಾಗಲೇ ನನಗೆ ಸಂಶಯ ಬಂತು. ಬಂದು ನೋಡುವ ಧೈರ್ಯ ಆಗಲಿಲ್ಲ. ನಿಮ್ಮ ಕಾಲು ಹಿಡೀತೇನೆ, ಅಮ್ಮಣ್ಣಿಗೆ ಹೇಳಬೇಡಿ. ಚಿರತೆ ಅಂತ ಹೇಳಿ. ಅವಳು ಮತ್ತೆ ನನ್ನ ಮುಖ ನೋಡುವುದಿಲ್ಲ.”

ಹರಿಣಾಕ್ಷಿಗೆ ಗೇರುಮರ ಕಣ್ಣ ಮುಂದೆ ಬಂತು. ಸಿಟ್ಟಿಗಿಂತ ಹೆಚ್ಚಾಗಿ ಹೇಸಿಗೆಯಾಯಿತು.

“ಆಗಲಿ. ನಾನು ಒಂದು ಮಾತೂ ಹೇಳುವುದಿಲ್ಲ,” ಎಂದಳು. “ಮೊದಲು ಉಳಿದ ಉರುಳೆಲ್ಲ ಕೀಳಿ. ಆಮೇಲೆ ಬೊಗ್ಗುವನ್ನು ಹೊತ್ತುಕೊಂಡು ನೀವೇ ಇಳಿಯಿರಿ. ಸೊಂಟದ ತಂತಿಗೆ ಕೈ ಹಾಕಿದರೆ ನೋಡಿ.”

ಶೆಟ್ಟರು ಉರುಳು ಕಿತ್ತರು, ರಿಝ್ವಾನ್ ಮರಕ್ಕೆ ಕಟ್ಟಿದ್ದ ತಂತಿ ಕತ್ತರಿಸಿದ ಮೇಲೆ ಬೊಗ್ಗುವನ್ನು ಹೊತ್ತರು. ನಾತ ಮೂಗು ಬಿರಿಯುವಂತಿತ್ತು. ಅಂಗಳಕ್ಕೆ ತಲುಪಿದಾಗ ಅಮ್ಮಣ್ಣಿ ಬೊಬ್ಬೆ ಹಾಕಲಿಲ್ಲ. ನೆಲದ ಮೇಲೆ ಗೋಣಿ ಹಾಸಿದರು, ಚೆಂಬಿನಲ್ಲಿ ನೀರು ತಂದರು, ಮಗುವನ್ನು ಮೀಯಿಸುವಂತೆ ರಕ್ತ ತೊಳೆಯತೊಡಗಿದರು. ಕೈ ಸೊಂಟದ ಬಳಿ ನಿಂತಿತು. ಕೆಸರು ಹೋದ ಮೇಲೆ ತಂತಿಯ ನೀಲಿ ಪ್ಲಾಸ್ಟಿಕ್ ಕಾಣಿಸಿತು. ಅವರು ತಲೆಯೆತ್ತಿ, ಅಂಗಳದಲ್ಲಿ ಬಟ್ಟೆ ಒಣಹಾಕುವ ಕಡೆ ನೋಡಿದರು. ಅಲ್ಲೀಗ ಹೊಸ ನೈಲಾನ್ ಹಗ್ಗ ಇತ್ತು.

“ತುಕ್ಕು ಹಿಡಿದಿದೆ ಅಂತ ನನ್ನ ತಂತಿ ಬಿಚ್ಚಿದ್ದು ಇದಕ್ಕಾ?” ಎಂದರು.

ಶೆಟ್ಟರು ಒಡೆದ ತುಟಿಗೆ ಲುಂಗಿಯ ತುದಿ ಒತ್ತಿಕೊಂಡರು. ಹರಿಣಾಕ್ಷಿ ಕೊಟ್ಟ ಮಾತಿನಂತೆ ಬಾಯಿ ಮುಚ್ಚಿಕೊಂಡೇ ಇದ್ದಳು.

ಅಮ್ಮಣ್ಣಿ ಕೈ ಒರೆಸಿಕೊಂಡು ಒಳಗೆ ಹೋದರು. ಚಕ್ಕುಲಿಯ ಕಟ್ಟು ತಂದು ಗಂಡನ ಬಲಗೈಯಲ್ಲಿಟ್ಟರು.

“ಬೊಗ್ಗು ಸಿಕ್ಕಿದರೆ ಕೊಡ್ತೇನೆ ಅಂತ ಅಜ್ಜನಿಗೆ ಹೇಳಿಕೊಂಡದ್ದು ನಾನು. ಸಿಕ್ಕಿತಲ್ಲ. ಅಜ್ಜನ ಕಟ್ಟೆಗೆ ಹೋಗಿ ಇಟ್ಟು ಬನ್ನಿ,” ಎಂದರು. “ಯಾವ ಕೈಯಲ್ಲಿ ಮುಟ್ಟಿ ಇಲ್ಲ ಅಂದಿರೋ ಅದೇ ಕೈಯಲ್ಲಿ ಇಡಿ.”

ಅಷ್ಟು ಹೇಳಿ ಮತ್ತೆ ನಾಯಿಯ ಬಳಿ ಕೂತು ನೀರು ಹೊಯ್ಯತೊಡಗಿದರು.

ಮೂಂಕಿಯನ್ನು ಮೂಡಬಿದಿರೆಯ ಪಶುವೈದ್ಯರ ಬಳಿಗೆ ಒಯ್ಯಬೇಕಿತ್ತು. ಟೆಂಪೊದ ಹಿಂಬದಿಯಲ್ಲಿ ಅದನ್ನು ಮಡಿಲಲ್ಲಿ ಹಾಕಿಕೊಂಡು ಕೂತ ಹರಿಣಾಕ್ಷಿ, ತಿರುವು ಬರುವವರೆಗೂ ಆ ಅಂಗಳವನ್ನೇ ನೋಡಿದಳು. ಅಜ್ಜನ ಕಟ್ಟೆ ಮನೆಯಿಂದ ಕೂಗಳತೆಯಲ್ಲೇ ಇತ್ತು. ಶೆಟ್ಟರು ಕಟ್ಟು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು. ಬಿಗಿದ ಮುಷ್ಟಿಯ ಬೆರಳ ಸಂದಿಯಿಂದ ಚಕ್ಕುಲಿಯ ಪುಡಿ ಅವರ ಕಾಲ ಮೇಲೆ ಉದುರುತ್ತಿತ್ತು.