ಎಂಟು ಬೋಲ್ಟುಗಳ ನಡುವೆ ಒಂದು ತಂತಿ

ಕಿಟಕಿಯಾಚೆ ಬೆಳಕು ಇನ್ನೂ ತೆಳು. ಪ್ರಯೋಗಾಲಯದ ಮೇಜಿನ ಮೇಲಿನ ಪಾತ್ರೆಯಿಂದ ದ್ರವ ಸಾರಜನಕದ ಆವಿ ಉಕ್ಕಿ, ಅಂಚು ದಾಟಿ, ಸದ್ದಿಲ್ಲದೆ ನೆಲಕ್ಕಿಳಿಯುತ್ತಿದೆ. ಪಾದ ಕಾಣದಷ್ಟು ಆ ಬಿಳುಪಿನಲ್ಲಿ ಮುಳುಗಿ, ಮೋಡದ ಮೇಲೆ ನಿಂತವರಂತೆ, ಹೆಂಗಸೊಬ್ಬರು ಎರಡೇ ಬೆರಳಲ್ಲಿ ಬೋಲ್ಟು ತಿರುಗಿಸುತ್ತಿದ್ದಾರೆ. ಎಲ್ಲರ ಬಾಯಲ್ಲೂ ಅವರು ‘ತಿರುಪಕ್ಕ’.

ಉಕ್ಕಿನ ಎರಡು ಪಟ್ಟಿಗಳ ನಡುವೆ ಅವರು ಕೂರಿಸುತ್ತಿರುವುದು ಗೇಣುದ್ದದ ಅತಿವಾಹಕ ತಂತಿ, ರಿಬ್ಬನ್ನಿನಂತೆ ಚಪ್ಪಟೆ. ಸೊನ್ನೆಗಿಂತ ನೂರತೊಂಬತ್ತಾರು ಡಿಗ್ರಿ ಕೆಳಗಿನ ಚಳಿಯಲ್ಲಿ ವಿದ್ಯುತ್ತು ಅದರೊಳಗೆ ಯಾವ ತಡೆಯೂ ಇಲ್ಲದೆ, ಕನಸಿನಲ್ಲಿ ನಡೆದಂತೆ ಸಾಗುತ್ತದೆ. ಹಿಡಿತ ಸಡಿಲವಾದರೆ ತಂತಿ ಅಲುಗುತ್ತದೆ; ಅತಿಯಾದರೆ ಒಳಗಿನ ಪಿಂಗಾಣಿಯಂಥ ಪದರ ಬಿರುಕು ಬಿಡುತ್ತದೆ. ಬಿರುಕು ಕಣ್ಣಿಗೆ ಕಾಣದು.

ಈ ಬಗೆಯ ತಂತಿಯಲ್ಲಿ ಉಳಿದಿರುವುದು ಇದೊಂದೇ ತುಂಡು. ಹಿಂದಿನ ಐದೂ ಕೈಕೊಟ್ಟಿವೆ. ಇದೂ ಸೋತರೆ ಅದನ್ನು ತಯಾರಿಸಿದ ಯುವ ಸಂಶೋಧಕಿಯ ಮೂರು ವರ್ಷದ ದುಡಿಮೆ ಕಸದ ಬುಟ್ಟಿಗೆ. ತಂತಿಯೇ ಕಳಪೆ ಎಂದು ಉಳಿದವರೆಲ್ಲ ತೀರ್ಮಾನಿಸಿಯಾಗಿತ್ತು. ಒಪ್ಪದವರು ತಿರುಪಕ್ಕ ಒಬ್ಬರೇ.

“ತಪ್ಪು ನಂದೇ ಕಣಮ್ಮಾ,” ಎಂದು ಮೊನ್ನೆ ತಾವಾಗಿಯೇ ಸಂಶೋಧಕಿಗೆ ಹೇಳಿದರು. “ಉಕ್ಕಿನ ಬೋಲ್ಟು ಸಿಗ್ಲಿಲ್ಲ ಅಂತ ಹಿತ್ತಾಳೇದು ಹಾಕಿದ್ದೆ. ಚಳೀಲಿ ಹಿತ್ತಾಳೆ ಉಕ್ಕಿಗಿಂತ ಜಾಸ್ತಿ ಮುದುಡತ್ತೆ. ನಾನು ಕೈ ಬಿಟ್ಟ ಮೇಲೂ ಅದು ಅಮುಕ್ತಾನೇ ಇತ್ತು.”

“ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಅಕ್ಕಾ.”

“ನಂಗೆ ನಿದ್ದೆ ಬರ್ಬೇಕಲ್ಲೇ!”

ಮೂವತ್ತೊಂದು ವರ್ಷದಿಂದ ಇದೇ ಮೇಜು. ಕೈ ಪಳಗಿದ್ದು ಅಪ್ಪನ ಪಂಪ್ ರಿಪೇರಿ ಅಂಗಡಿಯಲ್ಲಿ. ದಿನಕ್ಕೆ ನಾಲ್ಕು ತುಂಡು, ತುಂಡಿಗೆ ಎಂಟು ಬೋಲ್ಟು, ಎದುರುಬದುರಾಗಿ ಕಾಲು ಕಾಲು ಸುತ್ತು. ಚಳಿ ಸುಟ್ಟ ಎಡ ತೋರುಬೆರಳಿಗೆ ಈಗ ಬಿಸಿ-ತಣ್ಣಗೆ ತಿಳಿಯದು. ಯಾವ ಸಂಶೋಧನಾ ಪ್ರಬಂಧದಲ್ಲೂ ಅವರ ಹೆಸರಿಲ್ಲ.

“ಮನೇಲಿ ನಮ್ಮೆಜಮಾನ್ರು ಆಡ್ಕೋತಾರೆ,” ಎಂದು ನಗುತ್ತಾರೆ. “ಊರಿನ ಬೋಲ್ಟೆಲ್ಲ ಬಿಗಿ ಮಾಡ್ತೀಯ, ನಮ್ಮ ಅಡುಗೆಮನೆ ನಲ್ಲಿ ಮಾತ್ರ ಅಳ್ತಾನೇ ಇರತ್ತೆ ಅಂತ.”

ಇವತ್ತು ಬೋಲ್ಟೂ ಉಕ್ಕಿನದೇ. ತಂತಿ ಪಾತ್ರೆಗಿಳಿಯುತ್ತದೆ. ಕೊತಕೊತ ಕುದಿದ ಸಾರಜನಕ ಮೆಲ್ಲಗೆ ಶಾಂತವಾಗುತ್ತದೆ. ಸಂಶೋಧಕಿ ವಿದ್ಯುತ್ತು ಏರಿಸುತ್ತಾಳೆ. ಐವತ್ತು ಆಂಪಿಯರ್, ಹಿಂದಿನವು ಸೋತದ್ದು ಇಲ್ಲೇ. ಎಂಬತ್ತು. ನೂರು. ತಂತಿಯ ತಡೆ ತೋರಿಸುವ ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಕದಲುವುದಿಲ್ಲ.

“ಅಕ್ಕಾ, ನೂರು! ತಂತಿಗೆ ಏನೂ ಆಗಿಲ್ಲ!”

ತಿರುಪಕ್ಕ ಬಗ್ಗಿ, ಆವಿಯ ಕೆಳಗೆ ಮಸುಕಾಗಿ ಮಿನುಗುವ ಆ ತಂತಿಯನ್ನು ಬಹಳ ಹೊತ್ತು ನೋಡುತ್ತಾರೆ.

“ನಾನು ಹಿಡ್ಕೊಂಡಿರೋದು ಅದಕ್ಕೆ ಗೊತ್ತೇ ಆಗಿಲ್ಲ,” ಎನ್ನುತ್ತಾರೆ.